ಒಂದು ಪದ, ಒಂದು ಸಂಖ್ಯೆ, ಕೆಲವು ಕ್ಷಣ

ಕೆಲವು ವರ್ಷ ನಾನು ಪತ್ರಿಕೆಯೊಂದರಲ್ಲಿ ಸುದ್ದಿ ಭಾಷಾಂತರದ ಕೆಲಸ ಮಾಡಿದವನು. 2011ರ ಜನವರಿಯ ಒಂದು ರಾತ್ರಿ, ಅಮೆರಿಕದಲ್ಲಿ ದೊಡ್ಡ ‘ಮ್ಯಾಗಜೀನು’ಗಳನ್ನು ನಿಷೇಧಿಸುವ ಮಸೂದೆ ಮಂಡನೆಯಾಗಿದೆಯೆಂಬ ಸುದ್ದಿ ನನ್ನ ಮೇಜಿಗೆ ಬಂತು. ನಿದ್ದೆಗಣ್ಣಿನಲ್ಲಿದ್ದ ನಾನು ‘ಬೃಹತ್ ನಿಯತಕಾಲಿಕಗಳಿಗೆ ನಿಷೇಧ’ ಎಂದು ತಲೆಬರಹ ಕೊಟ್ಟುಬಿಟ್ಟೆ. ಹಿರಿಯರೊಬ್ಬರು ಅದನ್ನು ನೋಡಿ, “ಅಲ್ಲಯ್ಯಾ, ವಾರಪತ್ರಿಕೆ ಓದಿ ಯಾರು ಸತ್ತರು?” ಎಂದರು. ಇಬ್ಬರೂ ನಕ್ಕೆವು. ಸುದ್ದಿಯ ಉಳಿದ ಸಾಲುಗಳನ್ನು ಓದಿದ ಮೇಲೆ ಆ ನಗು ಉಳಿಯಲಿಲ್ಲ.

ನನ್ನ ತಪ್ಪಿಗೂ ಒಂದು ವಂಶಾವಳಿ ಉಂಟು. ಅರಬ್ಬಿಯ ‘ಮಖ್‌ಜನ್’ ಎಂದರೆ ಉಗ್ರಾಣ. ಅದು ಯೂರೋಪಿನ ಭಾಷೆಗಳನ್ನು ಹಾದು ಇಂಗ್ಲಿಷಿಗೆ ಬಂದು, ಶ್ರೀರಂಗಪಟ್ಟಣದಲ್ಲಿ ನಾವು ನೋಡುವ ಮದ್ದಿನ ಮನೆಯಂಥ ಕಟ್ಟಡಗಳಿಗೂ ಹೆಸರಾಯಿತು. 1731ರಲ್ಲಿ ಲಂಡನ್ನಿನ ಎಡ್ವರ್ಡ್ ಕೇವ್ ತನ್ನ ಮಾಸಪತ್ರಿಕೆಯನ್ನು ಬರಹಗಳ ಉಗ್ರಾಣವೆಂದು ಭಾವಿಸಿ ಅದೇ ಹೆಸರಿಟ್ಟ. ಬಂದೂಕಿನಲ್ಲಿ ಗುಂಡುಗಳನ್ನು ಸಾಲಾಗಿ ಹಿಡಿದಿಟ್ಟು, ಸ್ಪ್ರಿಂಗಿನ ಬಲದಿಂದ ಒಂದೊಂದನ್ನೇ ಮುಂದಕ್ಕೆ ತಳ್ಳುವ ಪೆಟ್ಟಿಗೆಗೂ ಆ ಹೆಸರೇ ನಿಂತಿತು.

ಈ ಪೆಟ್ಟಿಗೆಯಲ್ಲಿ ಎಷ್ಟು ಗುಂಡು ಇರಬಹುದು? ಪ್ರಶ್ನೆ ಹೊಸದಲ್ಲ. ಪಾನನಿಷೇಧದ ಕಾಲದ ಅಮೆರಿಕದಲ್ಲಿ ಥಾಮ್ಸನ್ ಬಂದೂಕು ಹಿಡಿದ ಪುಂಡರ ಕಥೆಗಳಿಂದ ಪತ್ರಿಕೆಗಳು ತುಂಬಿದ್ದವು. 1927ರಲ್ಲಿ ಮಿಷಿಗನ್ ರಾಜ್ಯ, ಮತ್ತೆ ತುಂಬದೆ 16ಕ್ಕಿಂತ ಹೆಚ್ಚು ಸಲ ಹಾರಿಸಬಲ್ಲ ಬಂದೂಕುಗಳ ಮಾರಾಟವನ್ನು ತಡೆಯಿತು. ಅದೇ ವರ್ಷ ರೋಡ್ ಐಲೆಂಡ್ 12ರ ಗೆರೆ ಎಳೆಯಿತು. 1989ರಲ್ಲಿ ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ನಗರದ ಶಾಲೆಯೊಂದರಲ್ಲಿ ಐವರು ಮಕ್ಕಳು ಗುಂಡಿಗೆ ಬಲಿಯಾದಾಗ ಚರ್ಚೆ ಮತ್ತೆ ಹೊತ್ತಿಕೊಂಡಿತು. ಸ್ವತಃ ಬಂದೂಕು ತಯಾರಕನಾಗಿದ್ದ ವಿಲಿಯಂ ರೂಗರ್ 15ರ ಮಿತಿಯನ್ನು ಸೂಚಿಸಿದ. 1994ರ ಸಂಯುಕ್ತ ಕಾಯಿದೆ 10ಕ್ಕಿಂತ ಹೆಚ್ಚು ಗುಂಡು ಹಿಡಿಯುವ ಹೊಸ ಪೆಟ್ಟಿಗೆಗಳನ್ನು ನಿಷೇಧಿಸಿತು. ಅದಕ್ಕೆ ಮೊದಲೇ ತಯಾರಾದವನ್ನು ಮಾತ್ರ ಮುಟ್ಟಲಿಲ್ಲ. ಹತ್ತು ವರ್ಷದ ಆಯುಸ್ಸು ಪಡೆದು ಹುಟ್ಟಿದ ಆ ನಿಷೇಧ 2004ರ ಸೆಪ್ಟೆಂಬರಿನಲ್ಲಿ ತಾನಾಗಿಯೇ ಮುಗಿಯಿತು.

ಸಂಖ್ಯೆ ಬದಲಾಗುತ್ತ ಬಂದರೂ ಅದರ ಹಿಂದಿನ ವಿಚಾರ ಒಂದೇ: ಪೆಟ್ಟಿಗೆ ಬರಿದಾದಾಗ ಕೊಲೆಗಾರನ ಕೈ ಒಂದು ಗಳಿಗೆ ತಡೆಯಬೇಕಾಗುತ್ತದೆ. ಆ ಗಳಿಗೆಯಲ್ಲಿ ಯಾರಾದರೂ ಓಡಿಯಾರು, ಯಾರಾದರೂ ಮೇಲೆ ಬಿದ್ದು ಹಿಡಿದಾರು. 1993ರ ಡಿಸೆಂಬರಿನಲ್ಲಿ ಲಾಂಗ್ ಐಲೆಂಡ್ ರೈಲಿನಲ್ಲಿ ಆರು ಮಂದಿಯನ್ನು ಕೊಂದವನನ್ನು ಸಹಪ್ರಯಾಣಿಕರು ಹಿಡಿದದ್ದು ಅವನು ಪೆಟ್ಟಿಗೆ ಬದಲಿಸುತ್ತಿದ್ದಾಗಲೇ. ಸತ್ತವರಲ್ಲಿ ಒಬ್ಬರ ಪತ್ನಿ ಕ್ಯಾರೊಲಿನ್ ಮೆಕಾರ್ಥಿ ಮುಂದೆ ಸಂಸತ್ತಿಗೆ ಆರಿಸಿಬಂದರು. ಅಂದು ರಾತ್ರಿ ನನ್ನ ಮೇಜಿನ ಮೇಲಿದ್ದುದು ಅವರ ಮಸೂದೆ. ಅದಕ್ಕೆ ಕೆಲವೇ ದಿನಗಳ ಹಿಂದೆ ಟೂಸಾನ್ ನಗರದಲ್ಲಿ, 33 ಗುಂಡಿನ ಪೆಟ್ಟಿಗೆ ತೊಡಿಸಿದ ಪಿಸ್ತೂಲಿನಿಂದ ಒಬ್ಬಾತ ಆರು ಮಂದಿಯನ್ನು ಕೊಂದಿದ್ದ. ಮತ್ತೊಂದು ಪೆಟ್ಟಿಗೆಗೆ ಅವನು ಕೈಹಾಕಿದಾಗ ಅಲ್ಲಿದ್ದವರು ಕೆಡವಿದರು. ಮಹಿಳೆಯೊಬ್ಬರು ಆ ಪೆಟ್ಟಿಗೆಯನ್ನು ಕಸಿದುಕೊಂಡರು. ಎರಡು ವರ್ಷದ ಬಳಿಕ ಮಾರ್ಕ್ ಕೆಲ್ಲಿ ಸೆನೆಟ್ ಸಮಿತಿಯ ಮುಂದೆ ಸಾಕ್ಷ್ಯ ಹೇಳಿದರು. ಟೂಸಾನಿನಲ್ಲಿ ಅವರ ಪತ್ನಿ, ಸಂಸತ್ ಸದಸ್ಯೆ ಗೇಬ್ರಿಯಲ್ ಗಿಫರ್ಡ್ಸ್ ತಲೆಗೆ ಗುಂಡು ತಗುಲಿ ಬದುಕುಳಿದಿದ್ದರು. ಒಂಬತ್ತು ವರ್ಷದ ಬಾಲೆಯೊಬ್ಬಳನ್ನು ಕೊಂದದ್ದು ಹದಿಮೂರನೆಯ ಗುಂಡು, ಮಿತಿ ಹತ್ತಿದ್ದರೆ ಅವಳು ಬದುಕಿರುತ್ತಿದ್ದಳು ಎಂಬುದು ಅವರ ಮಾತಿನ ಸಾರ.

ಎದುರು ಪಕ್ಷದ ಮಾತನ್ನೂ ನ್ಯಾಯವಾಗಿ ಕೇಳಬೇಕು. ಪಳಗಿದ ಕೈಗೆ ಪೆಟ್ಟಿಗೆ ಬದಲಿಸುವುದು ಎರಡು ಮೂರು ಸೆಕೆಂಡಿನ ಕೆಲಸ, ಎನ್ನುತ್ತಾರೆ ಅವರು. 2012ರ ಡಿಸೆಂಬರಿನಲ್ಲಿ ನ್ಯೂಟೌನಿನ ಶಾಲೆಯಲ್ಲಿ 20 ಮಕ್ಕಳನ್ನೂ ಆರು ಮಂದಿ ಹಿರಿಯರನ್ನೂ ಕೊಂದವನು ಹಲವು ಬಾರಿ ಪೆಟ್ಟಿಗೆ ಬದಲಿಸಿದ್ದ. ಮನೆ ಕಾಯುವ ಗೃಹಸ್ಥನಿಗೂ ಅದೇ ತಡೆ ಮುಳುವಾಗಬಹುದು. ಜನರ ಕೈಯಲ್ಲಿ ಇಂಥವು ಈಗಾಗಲೇ ಕೋಟಿಗಟ್ಟಲೆ ಇವೆ. 2013ರ ಏಪ್ರಿಲಿನಲ್ಲಿ ಸೆನೆಟ್ಟಿನ ಮುಂದೆ ಬಂದ ಮಿತಿಯ ಪ್ರಸ್ತಾಪಕ್ಕೆ 46 ಮತ ಬಿದ್ದರೆ ವಿರುದ್ಧವಾಗಿ 54 ಬಿದ್ದವು. ಅದೇ ವರ್ಷ ಕೊಲರಾಡೊ ರಾಜ್ಯ 15ರ ಮಿತಿ ಹಾಕಿತು. ಆ ಕಾಯಿದೆಗಳನ್ನು ಬೆಂಬಲಿಸಿದ ಇಬ್ಬರು ಶಾಸಕರನ್ನು ಮತದಾರರು ನಡುವಿನಲ್ಲೇ ಹಿಂದಕ್ಕೆ ಕರೆಸಿಕೊಂಡರು.

ನನಗೆ ಹೆಚ್ಚು ಕಾಡಿದ್ದು ವೃತ್ತಪತ್ರಿಕೆಗಳ ಭಾಷೆ. ‘ಅಧಿಕ ಸಾಮರ್ಥ್ಯದ’ ಎಂದು ಪತ್ರಿಕೆ ಬರೆದರೆ, ಬಂದೂಕಿನ ಒಡೆಯ ‘ಇದು ರೂಢಿಯ ಗಾತ್ರ’ ಎನ್ನುತ್ತಾನೆ. ವಿಶೇಷಣವೊಂದನ್ನು ಆರಿಸಿದೊಡನೆ ವರದಿಗಾರ ಒಂದು ಪಕ್ಷ ಸೇರಿದಂತೆಯೇ. ಅವನು ‘ಮ್ಯಾಗಜೀನ್’ ಎನ್ನಬೇಕಾದಲ್ಲಿ ‘ಕ್ಲಿಪ್’ ಎಂದು ತಪ್ಪಿದರೆ, ಹೆಸರೇ ತಿಳಿಯದವನಿಗೆ ಕಾಯಿದೆಯ ಮಾತೇಕೆ ಎಂಬ ಅಪಹಾಸ್ಯ. ಸತ್ತವರ ಎಣಿಕೆಯಿಂದ ಶುರುವಾದ ಚರ್ಚೆ ನಿಘಂಟಿನ ಜಗಳವಾಗಿ ಮುಗಿಯುತ್ತದೆ. 2025ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಾಲಯವೊಂದು ಕ್ಯಾಲಿಫೋರ್ನಿಯಾದ 10ರ ಮಿತಿಯನ್ನು ಎತ್ತಿಹಿಡಿದಾಗ, ಭಿನ್ನಮತದ ನ್ಯಾಯಾಧೀಶರೊಬ್ಬರು ಬಂದೂಕಿನ ಭಾಗಗಳನ್ನು ತಾವೇ ಬಿಚ್ಚಿ ತೋರಿಸುವ ಚಲಚ್ಚಿತ್ರವನ್ನು ತೀರ್ಪಿಗೆ ಸೇರಿಸಿದರು. ತೀರ್ಪಿಗಿಂತ ಆ ಚಿತ್ರವೇ ಹೆಚ್ಚು ಸುದ್ದಿಯಾಯಿತೇನೋ ಎನಿಸಿತು ನನಗೆ.

ಆ ರಾತ್ರಿ ನಾನು ಕೊನೆಗೆ ಬರೆದದ್ದು ಇಷ್ಟು: ‘ಒಮ್ಮೆ ತುಂಬಿದರೆ ಹತ್ತಕ್ಕಿಂತ ಹೆಚ್ಚು ಗುಂಡು ಹಿಡಿಯುವ ಬಂದೂಕಿನ ಪೆಟ್ಟಿಗೆ.’ ದೊಡ್ಡದೆನ್ನಲಿಲ್ಲ, ರೂಢಿಯದೆನ್ನಲಿಲ್ಲ. ಸಂಖ್ಯೆಯನ್ನು ಓದುಗನ ಮುಂದಿಟ್ಟೆ. ಅದು ಹೆಚ್ಚೋ ಕಡಿಮೆಯೋ ಅವನೇ ತೂಗಿಕೊಳ್ಳಲಿ. ಹತ್ತನೆಯ ಗುಂಡಿಗೂ ಹನ್ನೊಂದನೆಯದಕ್ಕೂ ನಡುವಿನ ಬಿಡುವಿನಲ್ಲಿ ಯಾರೋ ಒಬ್ಬರು ಬಾಗಿಲು ದಾಟಿರಬಹುದು ಎಂಬುದನ್ನು ಯಾವ ವಿಶೇಷಣವೂ ಹೇಳಲಾರದು.

ಹಿರಿಯರು ಓದಿ, “ಸಾಲು ಉದ್ದವಾಯಿತು” ಎಂದರು. ಸ್ವಲ್ಪ ತಡೆದು, “ಇರಲಿ” ಎಂದು ಅಚ್ಚಿಗೆ ಕಳಿಸಿದರು.

(ಬಾನುಲಿ ಭಾಷಣ)