ಹೊನ್ನಾವರದ ಹದಿಮೂರು ಶಾಲೆಗಳು

"ನಿಮ್ಮೂರು ಯಾವುದು?"
"ಕಾಸರಕೋಡ."
"ಓ, ಕೇರಳನಾ? ಆದ್ರೂ ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀರಿ!"

ಬೆಂಗಳೂರಿಗೆ ಬಂದು ಆರು ವರ್ಷವಾಯಿತು. ಈ ಮಾತುಕತೆ ಎಷ್ಟು ಸಲ ನಡೆದಿದೆಯೋ ಲೆಕ್ಕ ಇಟ್ಟಿದ್ದರೆ ಅದೇ ಒಂದು ವಿಶ್ವದಾಖಲೆ ಆಗುತ್ತಿತ್ತು :) ಅದು ಕಾಸರಗೋಡು ಮಾರಾಯ್ರೆ, ಗಡಿಯಾಚೆ ಇರೋದು. ನಮ್ಮದು ಕಾಸರಕೋಡ, ಹೊನ್ನಾವರ ತಾಲೂಕು. ಶರಾವತಿ ಸಮುದ್ರಕ್ಕೆ ಸೇರುವಲ್ಲಿ ಉತ್ತರ ದಡದಲ್ಲಿ ಹೊನ್ನಾವರ ಪೇಟೆ, ದಕ್ಷಿಣ ದಡದಲ್ಲಿ ನಾವು.

ಮೊನ್ನೆ ಆಫೀಸಿನಲ್ಲಿ ಊಟದ ಹೊತ್ತಿಗೆ ಯಾರೋ ಒಂದು ಫಾರ್ವರ್ಡ್ ಓದಿದರು. 'ಜಗತ್ತಿನ ಅತಿ ದೊಡ್ಡ, ಅತಿ ಉದ್ದದ, ಅತಿ ಎತ್ತರದ...' ಅಂತ ಶುರುವಾಗುತ್ತಲ್ಲ, ಆ ಥರದ್ದು. ಆಮೇಲೆ ಒಬ್ಬೊಬ್ಬರೂ ತಮ್ಮ ತಮ್ಮ ಊರಿನ ದಾಖಲೆ ಹೇಳತೊಡಗಿದರು. ನಾನೂ ಬಿಡಲಿಲ್ಲ. ಜೋಗ, ಮುರ್ಡೇಶ್ವರ, ರೈಲ್ವೆ ಸೇತುವೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಎದುರಿಗೆ ಕೂತಿದ್ದವನು ಕೈಯಲ್ಲಿದ್ದ ಮೊಬೈಲಿನಲ್ಲಿ ಹುಡುಕಿ, ಒಂದೊಂದನ್ನೇ ಹೊಡೆದು ಹಾಕಿದ. ಊಟ ಮುಗಿಯುವಷ್ಟರಲ್ಲಿ ನನ್ನ ಹತ್ತಿರ ಒಂದೂ ದಾಖಲೆ ಉಳಿದಿರಲಿಲ್ಲ. ಮನೆಗೆ ಬಂದ ಮೇಲೂ ಅದೇ ತಲೆಯಲ್ಲಿ. ಕೂತು ಸರಿಯಾಗಿ ನೋಡಿಯೇ ಬಿಡೋಣ ಅಂತ ಹೊರಟೆ. ಹೀಗೆ ಹುಡುಕುತ್ತಾ ಸಿಕ್ಕಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಜೋಗ. ಚಿಕ್ಕವಳಿದ್ದಾಗ ಕೇಳಿದ್ದು, 'ಭಾರತದ ಅತಿ ಎತ್ತರದ ಜಲಪಾತ' ಅಂತ. ಎತ್ತರ 253 ಮೀಟರ್, ಅಂದರೆ 830 ಅಡಿ. ನಯಾಗರ ಸುಮಾರು 51 ಮೀಟರ್ ಅಷ್ಟೇ, ಹಾಗಾಗಿ ಅಮೆರಿಕದಿಂದ ಬಂದ ನೆಂಟರ ಮುಂದೆ ಧೈರ್ಯವಾಗಿ ಹೇಳಬಹುದು. ಆದರೆ ಮೇಘಾಲಯದ ನೋಹ್‌ಕಲಿಕಾಯ್ 340 ಮೀಟರ್. ಪಟ್ಟಿಗಳಲ್ಲಿ ಮೊದಲು ಬರುವುದು ನಮ್ಮದೇ ಮಲೆನಾಡಿನ, ವಾರಾಹಿ ನದಿಯ ಕುಂಚಿಕಲ್, 455 ಮೀಟರ್. ಅದು ಬಂಡೆಯಿಂದ ಬಂಡೆಗೆ ಇಳಿಯುತ್ತಾ ಬರುವ ಜಲಪಾತ, ಒಂದೇ ನೆಗೆತ ಅಲ್ಲ. ಹಾಗಾಗಿ 'ನೇರವಾಗಿ ಧುಮುಕುವ' ಅಂತ ಒಂದು ವಿಶೇಷಣ ಸೇರಿಸಿದರೆ ಜೋಗ ಮತ್ತೆ ಮೇಲೆ ಬರುತ್ತದೆ, ಆದರೆ ನೋಹ್‌ಕಲಿಕಾಯ್ ಬಿಡುವುದಿಲ್ಲ. ಇಷ್ಟೆಲ್ಲ ಅಳೆಯುವವರು ಯಾರೂ ನೀರು ಎಷ್ಟಿದೆ ಅಂತ ಕೇಳುವುದಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಮೇಲೆ ಬೇಸಿಗೆಯಲ್ಲಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಎಳೆ ಎಳೆ. ಕುಂಚಿಕಲ್ ಕಥೆಯೂ ಅದೇ, ಅಲ್ಲೂ ವಿದ್ಯುತ್ ಯೋಜನೆ. ಪಟ್ಟಿಯಲ್ಲಿರುವುದು ಕಲ್ಲಿನ ಎತ್ತರ, ನೀರಿನದ್ದಲ್ಲ!

ಎರಡನೆಯದು ಮುರ್ಡೇಶ್ವರ. ನಮ್ಮ ಮನೆಯಿಂದ ಬೈಕಿನಲ್ಲಿ ಹೋದರೆ ಅರ್ಧ ಗಂಟೆ ಚಿಲ್ಲರೆ. ಶಿವನ ಮೂರ್ತಿ 123 ಅಡಿ. ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ಅದು ಜಗತ್ತಿನಲ್ಲೇ ದೊಡ್ಡದು ಅಂತ ಹೇಳಿ ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದರು. ಆಮೇಲೆ ನೇಪಾಳದಲ್ಲಿ ಅದಕ್ಕಿಂತ ಎತ್ತರದ ಕೈಲಾಸನಾಥ ಎದ್ದು ನಿಂತ. ನಮ್ಮದು 'ಎರಡನೇ ಅತಿ ಎತ್ತರದ' ಆಯಿತು. 2022ರಲ್ಲಿ ರಾಜಸ್ಥಾನದ ನಾಥದ್ವಾರದಲ್ಲಿ 369 ಅಡಿಯ ಮೂರ್ತಿ ಉದ್ಘಾಟನೆ ಆಯಿತು. ನಮ್ಮ ಶಿವನ ಮೂರು ಪಟ್ಟು! ಇತ್ತ ಕೊಯಮತ್ತೂರಿನ ಆದಿಯೋಗಿ 112 ಅಡಿ, ನಮ್ಮದಕ್ಕಿಂತ ಗಿಡ್ಡ. ಆದರೆ ಅದಕ್ಕೆ 2017ರಲ್ಲಿ ಗಿನ್ನೆಸ್ ದಾಖಲೆ ಸಿಕ್ಕಿತು. ಹೇಗೆ? ಅದು ಎದೆಮಟ್ಟದ ಮೂರ್ತಿ, ಆ ವಿಭಾಗದಲ್ಲಿ ಮೊದಲು. ನಾವು ಡೇಟಾಬೇಸಿನಲ್ಲಿ ಫಿಲ್ಟರ್ ಮೇಲೆ ಫಿಲ್ಟರ್ ಹಾಕುತ್ತಾ ಹೋಗ್ತೀವಲ್ಲ, ಹಾಗೆ. ಸಾಕಷ್ಟು ಫಿಲ್ಟರ್ ಹಾಕಿದರೆ ಕೊನೆಗೆ ಒಂದೇ ಸಾಲು ಉಳಿಯುತ್ತದೆ, ಅದು ನಂಬರ್ ಒನ್.

ಮೂರನೆಯದು ರೈಲ್ವೆ ಸೇತುವೆ. ಶರಾವತಿಯ ಮೇಲೆ ಕೊಂಕಣ ರೈಲ್ವೆಯವರು ಕಟ್ಟಿದ್ದು, 2065.8 ಮೀಟರ್. ಆ ಮಾರ್ಗದಲ್ಲೇ ಅತಿ ಉದ್ದದ್ದು. ಈ ದಾಖಲೆ ಈಗಲೂ ನಮ್ಮದೇ, ಯಾಕಂದರೆ 'ಆ ಮಾರ್ಗದಲ್ಲೇ' ಅಂತ ಬೇಲಿ ಹಾಕಿಕೊಂಡಿದ್ದೇವೆ. ಬೇಲಿ ದಾಟಿದರೆ ಬಿಹಾರದ ಸೋನ್ ನದಿಯ ಮೇಲೆ 1900ರಲ್ಲೇ ಮೂರು ಕಿಲೋಮೀಟರಿನ ಸೇತುವೆ ಇತ್ತು. ಕೊಚ್ಚಿಯ ವೆಂಬನಾಡು ಸೇತುವೆ 4.62 ಕಿಲೋಮೀಟರ್. ಚೀನಾದ ಡಾನ್ಯಾಂಗ್-ಕುನ್‌ಶಾನ್ ಸೇತುವೆ ಸುಮಾರು 165 ಕಿಲೋಮೀಟರ್. ಅಂದರೆ ನಮ್ಮೂರಿಂದ ಸೇತುವೆ ಹತ್ತಿದರೆ ಗೋವಾ ಗಡಿ ದಾಟಿದರೂ ಇಳಿಯೋ ಹಾಗಿಲ್ಲ.

ನಾಲ್ಕನೆಯದು ನಮ್ಮೂರಿನದೇ. 2020ರ ಅಕ್ಟೋಬರಿನಲ್ಲಿ ದೇಶದ ಎಂಟು ಕಡಲತೀರಗಳಿಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಕರ್ನಾಟಕದ್ದು ಎರಡು, ಪಡುಬಿದ್ರಿ ಮತ್ತು ಕಾಸರಕೋಡ. ಡೆನ್ಮಾರ್ಕಿನ ಸಂಸ್ಥೆಯೊಂದು ನೀರಿನ ಗುಣಮಟ್ಟ, ಶುಚಿತ್ವ, ಸುರಕ್ಷತೆ ಅಂತ 33 ಮಾನದಂಡ ಇಟ್ಟು ಕೊಡುವ ಬಾವುಟ ಇದು. ಅವತ್ತು ನನಗೂ ಖುಷಿಯಾಗಿತ್ತು. ಆದರೆ ಅದೇ ಮರಳ ದಂಡೆಯಲ್ಲಿ ಸ್ವಲ್ಪ ಆಚೆ ಟೊಂಕ. ಮೀನು ಒಣಗಿಸುವ ಜಾಗ, ಕಡಲಾಮೆ ಮೊಟ್ಟೆ ಇಡಲು ಬರುವ ಜಾಗ. ಅಲ್ಲಿಯ ಖಾಸಗಿ ಬಂದರು ಯೋಜನೆ ಬೇಡ ಅಂತ ಮೀನುಗಾರರು ವರ್ಷಗಟ್ಟಲೆ ಹೋರಾಡಿದ್ದಾರೆ. 33 ಮಾನದಂಡಗಳಲ್ಲಿ ಅವರ ಮಾತಿಗೆ ಎಷ್ಟು ಜಾಗ ಇದೆಯೋ.

ಇಷ್ಟಾದ ಮೇಲೆ ಅನ್ನಿಸಿದ್ದು, ಕಲ್ಲು ಸಿಮೆಂಟಿನ ದಾಖಲೆಗಳನ್ನು ಬಿಟ್ಟು ಮನುಷ್ಯರ ದಾಖಲೆ ಏನಾದರೂ ಇದೆಯಾ ನೋಡೋಣ ಅಂತ.

ಇದೆ. ಹೊನ್ನಾವರದಿಂದ ಶರಾವತಿಯ ಗುಂಟ ಮೇಲಕ್ಕೆ ಹೋದರೆ ಗೇರುಸೊಪ್ಪೆ. ಅಲ್ಲಿಯ ರಾಣಿ ಚೆನ್ನಭೈರಾದೇವಿ 1552ರಿಂದ 1606ರವರೆಗೆ, 54 ವರ್ಷ ಆಳಿದಳು. ಭಾರತದಲ್ಲಿ ಅತಿ ದೀರ್ಘ ಕಾಲ ಆಳಿದ ರಾಣಿ ಎಂದು ಅವಳನ್ನು ಹೇಳುತ್ತಾರೆ. ಅಹಲ್ಯಾಬಾಯಿ ಹೋಳ್ಕರ್ ಆಳಿದ್ದು 28 ವರ್ಷ. ಇಂಗ್ಲೆಂಡಿನ ವಿಕ್ಟೋರಿಯಾ 63, ಎರಡನೇ ಎಲಿಜಬೆತ್ 70 ವರ್ಷ. ಆದರೆ ಆ ಇಬ್ಬರ ಪರವಾಗಿ ಆಡಳಿತ ನಡೆಸಲು ಪ್ರಧಾನಿ, ಪಾರ್ಲಿಮೆಂಟು ಇದ್ದವು. ನಮ್ಮ ರಾಣಿಗೆ ಏನಿತ್ತು? ಅವಳು ಪಟ್ಟಕ್ಕೆ ಬಂದ ಹದಿಮೂರು ವರ್ಷಕ್ಕೆ, 1565ರಲ್ಲಿ, ತಲೆ ಕಾಯುತ್ತಿದ್ದ ವಿಜಯನಗರವೇ ಯುದ್ಧದಲ್ಲಿ ಸೋತು ಕುಸಿಯಿತು. ಕಡಲ ಕಡೆಯಿಂದ ಪೋರ್ಚುಗೀಸರು. 1569ರಲ್ಲಿ ಹೊನ್ನಾವರದ ಕೋಟೆಯನ್ನೇ ಹಿಡಿದರು. ಘಟ್ಟದ ಮೇಲೆ ಕೆಳದಿ ನಾಯಕರು, ಮಗ್ಗುಲಲ್ಲಿ ಬಿಳಗಿಯವರು. ಎಲ್ಲರಿಗೂ ಬೇಕಾಗಿದ್ದದ್ದು ಒಂದೇ, ಅವಳ ಕಾಳುಮೆಣಸು. ಅದನ್ನೇ ಮಾರಿ, ಒಬ್ಬರನ್ನು ಇನ್ನೊಬ್ಬರ ಮೇಲೆ ಬಿಟ್ಟು, ಬೇಕಾದಾಗ ಕಾದಾಡಿ, ಬೇಡವಾದಾಗ ರಾಜಿಯಾಗಿ ಐದು ದಶಕ ತಳ್ಳಿದಳು. ಕುಮಟೆ ಹತ್ತಿರದ ಮಿರ್ಜಾನ್ ಕೋಟೆಗೆ ಹೋದರೆ ಈಗಲೂ ಮೊದಲು ಕೇಳುವ ಹೆಸರು ಅವಳದೇ.

ಪೋರ್ಚುಗೀಸರು ಇಲ್ಲಿಯ ರಾಣಿಯನ್ನು ಕರೆಯುತ್ತಿದ್ದದ್ದು 'ರೈನಾ ದ ಪಿಮೆಂಟಾ', ಮೆಣಸಿನ ರಾಣಿ ಅಂತ. ಈಗ ನಾವು ಅದನ್ನು ಬಿರುದು ಅಂತ ಹೆಮ್ಮೆಯಿಂದ ಹೇಳುತ್ತೇವೆ. 2025ರ ಜುಲೈಯಲ್ಲಿ ಅವಳ ನೆನಪಿಗೆ ಅಂಚೆ ಚೀಟಿಯೂ ಬಂತು. ಆದರೆ ಯೋಚಿಸಿ ನೋಡಿ, ಆ ಹೆಸರು ಇಟ್ಟವರು ಗಿರಾಕಿಗಳು. ಅವರಿಗೆ ಕಂಡದ್ದು ಮೆಣಸಿನ ಮೂಟೆ. ಕೊನೆಗೆ 1606ರ ಹೊತ್ತಿಗೆ ಕೆಳದಿಯ ವೆಂಕಟಪ್ಪ ನಾಯಕ ರಾಜ್ಯ ಗೆದ್ದ. ರಾಣಿ ಸೆರೆಯಲ್ಲೇ ತೀರಿಕೊಂಡಳು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದ. ಹೊಳೆಯ ಚೆಲುವನ್ನು ಮನಸಾರೆ ಹೊಗಳಿದ್ದಾನೆ. ಆದರೆ ರಾಜಧಾನಿ ಅಷ್ಟರಲ್ಲಾಗಲೇ ಬಿದ್ದು ಹೋಗಿ, ಅರಮನೆ ಇದ್ದಲ್ಲಿ ಮರ ಬೆಳೆದಿತ್ತಂತೆ. ಹದಿನೇಳೇ ವರ್ಷದಲ್ಲಿ! ಈಗ ಗೇರುಸೊಪ್ಪೆಯ ಕಾಡಿನೊಳಗೆ ಚತುರ್ಮುಖ ಬಸದಿಯೊಂದು ಒಂಟಿಯಾಗಿ ನಿಂತಿದೆ. ನೋಡಿಲ್ಲದಿದ್ದರೆ ಒಮ್ಮೆ ಹೋಗಿ ಬನ್ನಿ.

ದೆಲ್ಲಾ ವಲ್ಲೆ ಸಿಕ್ಕಿದ ಮೇಲೆ, ಅವನಿಗಿಂತ ಮೊದಲು ನಮ್ಮೂರ ಕಡೆ ಬಂದವರು ಯಾರು ಅಂತ ಹುಡುಕಿದೆ. ಆಗ ಸಿಕ್ಕಿದವನು ಇಬ್ನ್ ಬಟೂಟ.

ಮೊರಾಕ್ಕೋದ ಟಾಂಜಿಯರಿನಿಂದ 1325ರಲ್ಲಿ, ಇಪ್ಪತ್ತೊಂದನೇ ವಯಸ್ಸಿಗೆ ಮನೆ ಬಿಟ್ಟವನು. ಸುಮಾರು ಮೂವತ್ತು ವರ್ಷ ತಿರುಗಿದ. ಮೆಕ್ಕಾ, ಪರ್ಷಿಯಾ, ಆಫ್ರಿಕಾದ ಪೂರ್ವ ಕರಾವಳಿ, ದೆಹಲಿ, ಮಾಲ್ಡೀವ್ಸ್, ಚೀನಾ. ಒಟ್ಟು ಒಂದು ಲಕ್ಷ ಕಿಲೋಮೀಟರಿಗೂ ಹೆಚ್ಚು ಅಂತ ಲೆಕ್ಕ ಹಾಕಿದ್ದಾರೆ. ಉಗಿಯಂತ್ರ ಬರುವ ಮೊದಲು ಇಷ್ಟು ತಿರುಗಿದವರ ಪಟ್ಟಿ ಮಾಡಿದರೆ ಮೇಲೆ ಬರುವ ಹೆಸರು ಇವನದು. ಮಹಮ್ಮದ್ ಬಿನ್ ತುಘಲಕ್ ಅವನನ್ನು ಚೀನಾಕ್ಕೆ ರಾಯಭಾರಿಯಾಗಿ ಕಳಿಸಿದಾಗ, 1340ರ ದಶಕದ ಮೊದಲಲ್ಲಿ, ನಮ್ಮ ಕರಾವಳಿ ಹಿಡಿದು ಬಂದ. ಅವನು 'ಹಿನಾವರ್' ಅಂತ ಬರೆದದ್ದೇ ಹೊನ್ನಾವರ. ಆಗ ಅಲ್ಲಿ ಜಮಾಲುದ್ದೀನ್ ಎಂಬ ಸುಲ್ತಾನನಿದ್ದ. ಅವನ ಹಡಗುಗಳಿಗೆ ಮಲಬಾರಿನವರು ಹೆದರುತ್ತಿದ್ದರು.

ಸುಲ್ತಾನನ ಮನೆ ಊಟವನ್ನು ಅವನು ವಿವರವಾಗಿ ಬರೆದಿದ್ದಾನೆ. ಅನ್ನ, ಅದರ ಮೇಲೆ ತುಪ್ಪ, ಮೆಣಸು, ಶುಂಠಿ, ಲಿಂಬೆ, ಮಾವಿನ ಉಪ್ಪಿನಕಾಯಿ, ಆಮೇಲೆ ಬಗೆಬಗೆಯ ಪದಾರ್ಥ. ಕೊನೆಗೆ ಮೊಸರು, ಅದರಿಂದಲೇ ಇವರು ಊಟ ಮುಗಿಸುತ್ತಾರೆ ಅಂತ! ಏಳು ಶತಮಾನ ಆಗುತ್ತಾ ಬಂತು, ನಮ್ಮನೆಯಲ್ಲಿ ಇನ್ನೂ ಹಾಗೇ. ಪಾಪ, ಅವನಿಗೆ ಅನ್ನ ಒಗ್ಗಿರಲಿಲ್ಲ. ಇನ್ನೊಮ್ಮೆ ಬಂದಾಗ ಹನ್ನೊಂದು ತಿಂಗಳು ರೊಟ್ಟಿ ಮುಖ ಕಾಣದೆ ಇದ್ದೆ ಅಂತ ಗೋಳು ಹೇಳಿಕೊಂಡಿದ್ದಾನೆ. ಬೆಂಗಳೂರಿನಲ್ಲಿ ನಮ್ಮ ಉತ್ತರ ಭಾರತದ ಸಹೋದ್ಯೋಗಿಗಳು ಹೇಳುವುದೂ ಇದನ್ನೇ :)

ಆದರೆ ನಾನು ಓದುತ್ತಾ ಓದುತ್ತಾ ನಿಂತುಬಿಟ್ಟದ್ದು ಇನ್ನೊಂದು ಕಡೆ. ಹೊನ್ನಾವರದಲ್ಲಿ ಅವನು ಶಾಲೆಗಳನ್ನು ಎಣಿಸಿದ್ದಾನೆ. ಹುಡುಗರ ಶಾಲೆ 23. ಹುಡುಗಿಯರ ಶಾಲೆ 13. ಇಂಥದ್ದನ್ನು ಬೇರೆಲ್ಲೂ ಕಂಡಿಲ್ಲ ಅಂತ ಸೇರಿಸಿದ್ದಾನೆ. ಇಲ್ಲಿಯ ಹೆಂಗಸರಿಗೆ ಕುರಾನ್ ಬಾಯಿಪಾಠ ಅಂತಲೂ ಬರೆದಿದ್ದಾನೆ. ಅವು ಇವತ್ತಿನ ಅರ್ಥದ ಶಾಲೆಗಳಲ್ಲ, ಅಲ್ಲಿಯ ಮುಸ್ಲಿಂ ಸಮುದಾಯದ ಮಕ್ಕಳಿಗೆ ಕುರಾನ್ ಕಲಿಸುವ ಶಾಲೆಗಳು ಅನ್ನೋದು ನಿಜ. ಆದರೂ, ಆ ಕಾಲಕ್ಕೆ ಜಗತ್ತನ್ನು ಅಷ್ಟು ಸುತ್ತಿದ ಮನುಷ್ಯ 'ಬೇರೆಲ್ಲೂ ಇಲ್ಲ' ಅಂದದ್ದು ನಮ್ಮ ಹೊನ್ನಾವರದ ಹುಡುಗಿಯರ ಶಾಲೆಗಳನ್ನು ನೋಡಿ. ಅರ್ಜಿ ಹಾಕಿಲ್ಲ, ತೀರ್ಪುಗಾರರನ್ನು ಕರೆಸಿಲ್ಲ, ಫಿಲ್ಟರ್ ಹಾಕಿಲ್ಲ.

ಕಳೆದ ಸಲ ಊರಿಗೆ ಹೋದಾಗ ಅಜ್ಜಿಗೆ ಇದನ್ನು ಹೇಳಿದೆ. ಅವಳಿಗೀಗ ಎಂಬತ್ತನಾಲ್ಕು. ಜಗಲಿಯ ಮೇಲೆ ಕೂತು ಕವಳ ಹಾಕುತ್ತಿದ್ದಳು.

"ಎಷ್ಟ್ ಶಾಲೆ ಅಂದೆ?"
"ಹದಿಮೂರು ಅಜ್ಜಿ. ಬರೀ ಹುಡುಗೀರಿಗೆ. ಏಳ್ನೂರು ವರ್ಷದ ಹಿಂದೆ."
"ಹೌದಾ ತಂಗೀ? ಎಲ್ಲಿ, ಹೊಳೆ ಆಚೆಗಾ?"
"ಹೂಂ, ಹೊನ್ನಾವರದಲ್ಲಿ."

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ನಂಗೆ ಹೊಳೆ ದಾಟೂಕೆ ಯಾರು ಬಿಡ್ತಿದ್ರು?" ಅಂದಳು.

ಅಜ್ಜಿ ಓದಿದ್ದು ನಾಲ್ಕನೇ ಕ್ಲಾಸು. ಮುಂದೆ ಓದಬೇಕಾದರೆ ಹೊನ್ನಾವರಕ್ಕೆ ಹೋಗಬೇಕಿತ್ತು. ಆಗ ಸೇತುವೆ ಇರಲಿಲ್ಲ, ದೋಣಿಯೇ ಗತಿ. ಅಣ್ಣನನ್ನು ಕಳಿಸಿದರು. ಹುಡುಗಿಯನ್ನು ಮಳೆಗಾಲದ ಹೊಳೆಯಲ್ಲಿ ದಿನಾ ದೋಣಿ ಹತ್ತಿಸಲು ಮನೆಯವರು ಒಪ್ಪಲಿಲ್ಲ. ಅಣ್ಣನ ಪುಸ್ತಕ ತೆಗೆದು ಓದುತ್ತಿದ್ದಳಂತೆ, ಅವನು ಮನೆಯಲ್ಲಿ ಇಲ್ಲದಾಗ. ಅಮ್ಮ ಪಿಯುಸಿವರೆಗೆ ಓದಿದಳು, ಅಷ್ಟರಲ್ಲಿ ಹೆದ್ದಾರಿ ಸೇತುವೆ ಬಂದು ಬಸ್ಸು ಓಡಾಡುತ್ತಿತ್ತು. ನಾನು ಇಂಜಿನಿಯರಿಂಗ್ ಮುಗಿಸಿ, ಅದೇ ಹೊಳೆಯನ್ನು ರೈಲಿನಲ್ಲಿ ದಾಟಿ ಹೋಗುತ್ತಾ ಬರುತ್ತಾ ಇದ್ದೇನೆ. ಒಂದು ಹೊಳೆ ದಾಟಲು ನಮ್ಮ ಮನೆಗೆ ಬೇಕಾದದ್ದು ಮೂರು ತಲೆಮಾರು. ಸೇತುವೆಯ ಉದ್ದ 2065.8 ಮೀಟರ್ ಅನ್ನುವುದು ಯಾಕೆ ಮುಖ್ಯ ಅಂತ ನನಗೆ ಅರ್ಥವಾದದ್ದು ಅವತ್ತು.

ಈ ಹದಿಮೂರು ಶಾಲೆಗಳು ಆಮೇಲೆ ಏನಾದವು? ಊರುಗಳು ಕೈಬದಲಾದವು, ಬಂದರು ಬೇರೆಯವರ ಪಾಲಾಯಿತು, ಕೋಟೆ ಎದ್ದಿತು, ಬಿತ್ತು. ಹದಿನಾಲ್ಕನೇ ಶತಮಾನದಲ್ಲಿ ಇದ್ದದ್ದು ಇಪ್ಪತ್ತನೇ ಶತಮಾನದ ನಮ್ಮ ಅಜ್ಜಿಗೆ ಸಿಗಲಿಲ್ಲ. ನಾವು ಅಂದುಕೊಳ್ಳುವ ಹಾಗೆ ಕಾಲ ಕಳೆದಂತೆ ಎಲ್ಲವೂ ತಾನಾಗಿಯೇ ಮೇಲೆ ಹೋಗುವುದಿಲ್ಲ. ಒಮ್ಮೆ ನಂಬರ್ ಒನ್ ಇದ್ದ ಊರು ಅದನ್ನು ಮರೆತೂ ಬಿಡಬಹುದು. ಹೊನ್ನಾವರ ಪೇಟೆಯಲ್ಲಿ ಎಲ್ಲಿಯೂ ಈ ಹದಿಮೂರು ಶಾಲೆಗಳ ಬಗ್ಗೆ ಒಂದು ಬೋರ್ಡನ್ನೂ ನಾನು ಕಂಡಿಲ್ಲ.

ಸೋಮವಾರ ಊಟಕ್ಕೆ ಕೂತಾಗ ಆ ಮೊಬೈಲಿನವನಿಗೆ ಹೇಳಿದೆ, "ನಮ್ಮೂರಿನ ಒಂದು ದಾಖಲೆ ಉಳಿದಿದೆ, ಇದನ್ನು ಮುರಿ ನೋಡೋಣ." ಇಬ್ನ್ ಬಟೂಟನ ಕಥೆ ಪೂರ್ತಿ ಕೇಳಿದ. ಮೊಬೈಲ್ ತೆಗೆಯಲಿಲ್ಲ. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ, "ಅಂದ್ರೆ ನಿಮ್ಮೂರು ಕೇರಳದಲ್ಲಿ ಇಲ್ವಾ?"

ಇರಲಿ ಬಿಡಿ. ನಿಮ್ಮ ನಿಮ್ಮ ಊರಿನ ಬಗ್ಗೆಯೂ ಹಿಂದೆ ಯಾರೋ ಪ್ರವಾಸಿ ಬಂದು, ನೋಡಿ, ಹೀಗೆ ಬರೆದಿಟ್ಟು ಹೋಗಿರಬಹುದು. ಅತಿ ಎತ್ತರ, ಅತಿ ಉದ್ದದ್ದು ಬೇಡ, ಇಂಥದ್ದು ಏನಾದರೂ ಇದ್ದರೆ ತಿಳಿಸಿ. ಅಜ್ಜಿಗೆ ಓದಿ ಹೇಳಬೇಕು. 'ಮತ್ತೆ ಎಂತಾ ಸಿಕ್ತು?' ಅಂತ ಪ್ರತಿ ಸಲ ಫೋನಿನಲ್ಲಿ ಕೇಳುತ್ತಿದ್ದಾಳೆ.