ಡೈವಿಂಗ್ ಮಾಸ್ಕ್‌ಗೆ ಟೂತ್‌ಪೇಸ್ಟ್ ಹಚ್ಚಿದರೆ ಮಂಜು ಕಟ್ಟುವುದಿಲ್ಲವೇ?

ಬಾಗಲಕೋಟೆ, ಇಳಕಲ್, ಹುನಗುಂದ ಕಡೆಯಿಂದ ರಜೆಗೆ ಮುರುಡೇಶ್ವರಕ್ಕೆ ಹೋದವರು ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೂ ಹೋಗಿ ಸ್ಕೂಬಾ ಡೈವಿಂಗ್ ಮಾಡಿ ಬರುವುದುಂಟು. ನೀರಿಗಿಳಿದ ಮೇಲೆ ಮಾಸ್ಕ್ ಗಾಜು ಮಸುಕಾದರೆ ಮೀನಷ್ಟೇ ಅಲ್ಲ, ತರಬೇತುದಾರರ ಕೈಸನ್ನೆಯೂ ಕಾಣುವುದಿಲ್ಲ. ಹೊಸಬರು ಗಾಬರಿಯಾಗುವುದು ಇಂಥ ಹೊತ್ತಿನಲ್ಲೇ. ಇದಕ್ಕೆ ಪರಿಹಾರವೆಂದು ‘ಟೂತ್‌ಪೇಸ್ಟ್ ತಿಕ್ಕಿ’, ‘ಲೈಟರ್ ಹಿಡಿದು ಸುಡಿ’, ‘ಉಗುಳಿ ಒರೆಸಿ’ ಎನ್ನುವ ಸಲಹೆಗಳು ಹರಿದಾಡುತ್ತವೆ. ಯಾವುದು ನಿಜ?

ಮೊದಲು ಕಾರಣ ನೋಡೋಣ. ಚಳಿಗಾಲದ ಬೆಳಿಗ್ಗೆ ಬಾದಾಮಿಯ ಚಹಾದಂಗಡಿಯಲ್ಲಿ ಬಿಸಿ ಚಹಾ ಬಾಯಿಗಿಟ್ಟಾಗ ಕನ್ನಡಕ ಮಬ್ಬಾಗುತ್ತದಲ್ಲ, ಇದೂ ಅದೇ. ಮಾಸ್ಕ್ ಒಳಗಿನ ಗಾಳಿ ಮುಖದ ಬಿಸಿಗೆ ಬೆಚ್ಚಗಿರುತ್ತದೆ, ತೇವವಾಗಿಯೂ ಇರುತ್ತದೆ. ಗಾಜಿನ ಆಚೆ ತಂಪು ನೀರು. ಆವಿ ಗಾಜಿಗೆ ತಾಗಿ ಸಣ್ಣ ಹನಿಗಳಾಗುತ್ತದೆ, ಆ ಹನಿಗಳು ಬೆಳಕನ್ನು ಚದುರಿಸುತ್ತವೆ. ಗಾಜಿನ ಮೇಲೆ ಎಣ್ಣೆ ಜಿಡ್ಡು ಇದ್ದರೆ ನೀರು ಹರಡದೆ ಹನಿಯಾಗಿಯೇ ನಿಲ್ಲುತ್ತದೆ.

ಹೊಸ ಮಾಸ್ಕ್‌ನಲ್ಲಿ ತಯಾರಿಕೆಯ ಸಮಯದ ಸಿಲಿಕೋನ್ ಜಿಡ್ಡು ಉಳಿದಿರುತ್ತದೆ. ಟೂತ್‌ಪೇಸ್ಟ್ ಕೆಲಸಕ್ಕೆ ಬರುವುದು ಇಲ್ಲಿ. ಜೆಲ್ ಅಲ್ಲದ ಸಾದಾ ಬಿಳಿ ಪೇಸ್ಟನ್ನು ಗಾಜಿನ ಒಳಬದಿಗೆ ಬೆರಳಿನಿಂದ ತಿಕ್ಕಿ, ತೊಳೆದು, ಮೂರ್ನಾಲ್ಕು ಸಲ ಹೀಗೆ ಮಾಡಿದರೆ ಜಿಡ್ಡು ಹೋಗುತ್ತದೆ. ಆದರೆ ಇದು ಟೆಂಪರ್ಡ್ ಗಾಜಿಗೆ ಮಾತ್ರ. ಮಕ್ಕಳು ಬಾವಿಯಲ್ಲಿ, ಈಜುಕೊಳದಲ್ಲಿ ಹಾಕುವ ಪ್ಲಾಸ್ಟಿಕ್ ಗಾಗಲ್ಸ್‌ಗೆ ಅಥವಾ ಲೇಪನವಿರುವ ಕನ್ನಡಕಕ್ಕೆ ಪೇಸ್ಟ್ ತಿಕ್ಕಿದರೆ ಗೀರು ಬೀಳುತ್ತದೆ, ಲೇಪನವೂ ಹೋಗುತ್ತದೆ. ‘ಎಲ್ಲಾ ಗಾಜಿಗೂ’ ಎಂದು ಬಂದ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಲೈಟರ್ ಸಲಹೆಯಂತೂ ಬೇಡವೇ ಬೇಡ. ಗಾಜು ಬಿರಿಯಬಹುದು, ಅಂಚಿನ ಸಿಲಿಕೋನ್ ಸುಟ್ಟು ನೀರು ಒಳಗೆ ಬರಬಹುದು.

ಜಿಡ್ಡು ತೆಗೆದರೂ ಪ್ರತಿ ಸಲ ನೀರಿಗಿಳಿಯುವ ಮುನ್ನ ಏನಾದರೂ ಸವರಬೇಕು. ಉಗುಳುವುದು ಅಸಹ್ಯ ಅನಿಸಿದರೂ ಸುಳ್ಳಲ್ಲ. ಎಂಜಲಿನಲ್ಲಿರುವ ಲೋಳೆಯ ಅಂಶ ಹನಿಗಳನ್ನು ತೆಳು ಪದರವಾಗಿ ಹರಡಿಸುತ್ತದೆ. ಒಣ ಗಾಜಿಗೆ ಸವರಿ, ಒಮ್ಮೆ ನೀರಲ್ಲಿ ಅದ್ದಿ ತೆಗೆದರೆ ಸಾಕು. ಬಾಡಿಗೆಯ ಮಾಸ್ಕ್ ಹತ್ತಾರು ಜನರ ಮುಖಕ್ಕೆ ಹೋಗುವುದರಿಂದ ನನ್ನ ಆಯ್ಕೆ ನೀರು ಬೆರೆಸಿದ ಬೇಬಿ ಶಾಂಪೂ. ಅದೂ ಇದೇ ಕೆಲಸ ಮಾಡುತ್ತದೆ, ಕಣ್ಣು ಅಷ್ಟಾಗಿ ಉರಿಯುವುದಿಲ್ಲ. ಎರಡು ಹನಿ ಸಾಕು. ಸವರಿದ ಮೇಲೆ ಬೆರಳಿನಿಂದ ಗಾಜು ಮುಟ್ಟಬೇಡಿ, ಒಳಗೆ ಮೂಗಿನಿಂದ ಉಸಿರು ಬಿಡುತ್ತಿರಬೇಡಿ.

ಒಂದು ವಿಷಯ ಇಲ್ಲೇ ಹೇಳಬೇಕು. ಈಜುವ ಗಾಗಲ್ಸ್ ಹಾಕಿಕೊಂಡು ಆಳಕ್ಕೆ ಹೋಗಬಾರದು. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡು ಪಟ್ಟಾಗುತ್ತದೆ. ಡೈವಿಂಗ್ ಮಾಸ್ಕ್ ಮೂಗನ್ನೂ ಮುಚ್ಚುವುದರಿಂದ ಇಳಿಯುವಾಗ ಮೂಗಿನಿಂದ ಸ್ವಲ್ಪ ಗಾಳಿ ಬಿಟ್ಟು ಒತ್ತಡ ಸರಿದೂಗಿಸಬಹುದು. ಗಾಗಲ್ಸ್‌ನಲ್ಲಿ ಅದಾಗದು, ಅದು ಕಣ್ಣನ್ನು ಹೊರಗೆಳೆದಂತಾಗಿ ರಕ್ತನಾಳ ಒಡೆಯಬಹುದು.

ಮುಗಿದ ಮೇಲೆ ಸಿಹಿನೀರಲ್ಲಿ ಚೆನ್ನಾಗಿ ತೊಳೆಯಿರಿ. ಉಪ್ಪು ಒಣಗಿದರೆ ಬಕಲ್ ಗಟ್ಟಿಯಾಗುತ್ತದೆ. ತೇವವಿರುವಾಗಲೇ ಡಬ್ಬಿಗೆ ಹಾಕಿದರೆ ಸಿಲಿಕೋನ್ ಮೇಲೆ ಕಪ್ಪು ಬೂಷ್ಟು ಚುಕ್ಕೆ ಬೀಳುತ್ತದೆ. ಒಣಗಿಸುವುದು ನೆರಳಿನಲ್ಲಿ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟ ಮಾಸ್ಕ್ ಮುಂದಿನ ಪ್ರವಾಸಕ್ಕೆ ಉಳಿಯುವುದು ಕಷ್ಟ.