ಮೂರು ಹೊಳಿಯ ನೀರು



ಮಳೆಗಾಲ ಬಂತೆಂದರೆ ಗೋಕಾಕ ಕಡೆ ಮೊದಲು ಕೇಳುವ ಮಾತು, "ಹಿಡಕಲ್ ಎಷ್ಟು ತುಂಬೈತ್ರಿ?" ಕೇಳಬೇಕಾದ್ದೇ. ಆದರೆ ಅದೊಂದನ್ನೇ ಕೇಳಿ ಸುಮ್ಮನೆ ಕೂತರೆ ಸಾಲದು.

ಘಟಪ್ರಭೆಗೆ ಧೂಪದಾಳದ ಒಡ್ಡು ಮುಗಿದದ್ದು 1897ರಲ್ಲಿ. ಅದು ಕಾಲುವೆಗೆ ನೀರು ತಿರುಗಿಸುವ ಒಡ್ಡು, ನೆರೆ ತಡೆಯುವಂಥಾದ್ದಲ್ಲ. 1977ರಲ್ಲಿ ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯ ಮುಗಿಯಿತು. ಸುಮಾರು 51 ಟಿ.ಎಂ.ಸಿ. ನೀರು ಹಿಡಿಯುತ್ತದೆ. ಇನ್ನು ಹೊಳಿ ಕೈಯಾಗ ಬಂತು ಅಂತ ಯಾರಿಗಾದರೂ ಅನ್ನಿಸೀತು. ಆದರೆ ಅಂಬೋಲಿ ಘಟ್ಟದಿಂದ ಇಳಿದು ಸಂಕೇಶ್ವರ ಹಾದು ಬರುವ ಹಿರಣ್ಯಕೇಶಿ, ಹಿಡಕಲ್ ದಾಟಿದ ಮೇಲೆ ಘಟಪ್ರಭೆಯನ್ನು ಕೂಡುತ್ತದೆ. ಇನ್ನೂ ಕೆಳಗೆ, ಗೋಕಾಕದ ಹತ್ತಿರ, ಮಾರ್ಕಂಡೇಯ ಬಂದು ಸೇರುತ್ತದೆ. ಹಿಡಕಲ್ಲಿನ ಗೇಟು ಮುಚ್ಚಿದರೂ ಈ ಎರಡರ ನೀರು ನಿಲ್ಲಂಗಿಲ್ಲ.

2019ರ ಆಗಸ್ಟಿನಲ್ಲಿ ಮೂರೂ ಒಮ್ಮೆಲೇ ತುಂಬಿ ಬಂದವು. ಲೋಳಸೂರ ಸೇತುವೆ ಮುಳುಗಿತು, ಗೋಕಾಕ ಪೇಟೆಯೊಳಗೆ ನೀರು ಹೊಕ್ಕಿತು, ಮೂಡಲಗಿ ತಾಲೂಕಿನ ಹೊಳಿದಂಡಿ ಊರುಗಳಿಗೂ ಅದೇ ಗತಿ. ಆಗ ಜನ ಸರಕಾರದ ದಾರಿ ಕಾಯುತ್ತ ಕೂಡಲಿಲ್ಲ. ಊರ ತರುಣರು ಟ್ರ್ಯಾಕ್ಟರು ಹೂಡಿ ಮುದುಕರನ್ನೂ ಕೂಸುಗಳನ್ನೂ ಸಾಗಿಸಿದರು. ಸಾಲಿಗಳು ಕಾಳಜಿ ಕೇಂದ್ರಗಳಾದವು. ನೀರು ಬಾರದ ಊರುಗಳಲ್ಲಿ ಅಕ್ಕತಂಗಿಯರು ಮನೆಗಿಷ್ಟು ಅಂತ ರೊಟ್ಟಿ ಬಡಿದು, ಚಟ್ನಿ ಕಟ್ಟಿ, ಗಾಡಿ ತುಂಬಿ ಕಳಿಸಿದರು. ಖಡಕ್ ರೊಟ್ಟಿ ಹೊಲಕ್ಕೆ ಕಟ್ಟಿಕೊಂಡು ಹೋಗುವ ಬುತ್ತಿ. ದಿನಗಟ್ಟಲೆ ಕೆಡಂಗಿಲ್ಲ, ಒಲೆ ಹಚ್ಚಲಾಗದ ಜಾಗದಲ್ಲೂ ಹೊಟ್ಟೆ ತುಂಬಿಸುತ್ತದೆ.

ಕಠಿಣವಾದದ್ದು ದನಗಳ ಮಾತು. ಎಮ್ಮಿ ಬಿಟ್ಟು ಬರಾಂಗಿಲ್ಲ ಅಂತ ಹಟ ಹಿಡಿದು ಗೋದಲಿ ಹತ್ತಿರವೇ ನಿಂತು ಜೀವಕ್ಕೆ ಕುತ್ತು ತಂದುಕೊಳ್ಳುವವರು ಪ್ರತಿ ನೆರೆಯಲ್ಲೂ ಇರುತ್ತಾರೆ. ಅವರನ್ನು ಬೈದು ಉಪಯೋಗವಿಲ್ಲ. ಮನೆ ನಡೆಯುವುದೇ ಆ ಹಾಲಿನ ಮೇಲೆ. ಮಡ್ಡಿಯ ಮೇಲೆ ಮೊದಲೇ ಜಾಗ ಗೊತ್ತುಮಾಡಿ ಕಣಕಿ ಒಟ್ಟಿಟ್ಟರೆ ದನ ಮುಂದೆ ನಡೆಯುತ್ತವೆ, ದನದ ಹಿಂದೆ ಒಡೆಯನೂ ಬರುತ್ತಾನೆ. ಹೊರಡಲಾಗದಷ್ಟು ನೀರು ಏರಿದರೆ ಕಣ್ಣಿ ಬಿಚ್ಚಿ ಬಿಡಿರಿ. ಕಟ್ಟಿದ ದನ ಈಸಲಾರದು.

2021ರ ಜುಲೈನಲ್ಲಿ ಮತ್ತೆ ನೀರು ಬಂತು, 2024ರ ಜುಲೈನಲ್ಲೂ ಬಂತು. ಸಂಕೇಶ್ವರದಲ್ಲಿ ಹಿರಣ್ಯಕೇಶಿ ಏರಿದ ಸುದ್ದಿ, ಆ ನೀರಿಗಿಂತ ಮೊದಲು ಕೆಳಗಿನ ಸುಣಧೋಳಿಗೆ ಮುಟ್ಟಬೇಕು. ಹಿಂದೆ ಊರೊಳಗೆ ಡಂಗುರ ಸಾರುತ್ತಿದ್ದರು, ಈಗ ಮೊಬೈಲ್ ಇದೆ. ಆದರೆ ಹೊಳಿ ಬಂದಾಗ ಮೊದಲು ಹೋಗುವುದು ಕರೆಂಟು. ಊರ ಹಲಗಿ ಕೈಗೆ ಸಿಗುವಲ್ಲೇ ಇರಲಿ.